ನಿರಂತರ ಡ್ರಿಪ್‌ನಲ್ಲಿ ಆ್ಯಂಟಿಬಯೋಟಿಕ್: ಲೆಕ್ಕವನ್ನು ನಂಬಿ ಡೋಸ್ ನಿರ್ಧರಿಸಬಹುದೇ?

ಪರ

ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಐಸಿಯುಗಳಲ್ಲಿ ಸಿರಿಂಜ್ ಪಂಪ್ ಇಲ್ಲದ ಹಾಸಿಗೆ ಅಪರೂಪ. ವ್ಯಾಂಕೋಮೈಸಿನ್, ಪಿಪರಾಸಿಲಿನ್‌ನಂತಹ ಔಷಧವನ್ನು ಆ ಪಂಪಿನಿಂದ ದಿನವಿಡೀ ಒಂದೇ ವೇಗದಲ್ಲಿ ಹರಿಸಿದರೆ, ರಕ್ತದಲ್ಲಿ ಅದರ ಮಟ್ಟ ಏರಿಳಿಯದೆ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ. ಆ ಹಂತ ಯಾವುದೆಂದು ತಿಳಿಯಲು ಒಂದು ಭಾಗಾಕಾರ ಸಾಕು: ಗಂಟೆಗೆ ಹರಿಯುವ ಔಷಧದ ಪ್ರಮಾಣವನ್ನು ದೇಹದ ಕ್ಲಿಯರೆನ್ಸ್‌ನಿಂದ, ಅಂದರೆ ಗಂಟೆಗೆ ಎಷ್ಟು ಲೀಟರ್ ರಕ್ತದ್ರವ ಆ ಔಷಧದಿಂದ ಮುಕ್ತವಾಗುತ್ತದೆ ಎಂಬ ಸಂಖ್ಯೆಯಿಂದ ಭಾಗಿಸಬೇಕು. ದಿನಕ್ಕೆ 2,400 ಮಿಲಿಗ್ರಾಂ ವ್ಯಾಂಕೋಮೈಸಿನ್ ಎಂದರೆ ಗಂಟೆಗೆ 100 ಮಿಲಿಗ್ರಾಂ. ಕ್ಲಿಯರೆನ್ಸ್ 5 ಲೀಟರ್ ಇದ್ದರೆ ಮಟ್ಟ ಲೀಟರಿಗೆ 20 ಮಿಲಿಗ್ರಾಂ. ಅದನ್ನು 24 ಗಂಟೆಗಳಿಂದ ಗುಣಿಸಿದರೆ, ದಿನವಿಡೀ ದೇಹ ಎಷ್ಟು ಔಷಧಕ್ಕೆ ಒಡ್ಡಿಕೊಂಡಿತು ಎಂಬುದರ ಅಳತೆಯಾಗಿ 480 ಬರುತ್ತದೆ. ಎಂಆರ್‌ಎಸ್‌ಎ ಎಂಬ, ಹಲವು ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾದ ಗಂಭೀರ ಸೋಂಕಿಗೆ ಅಮೆರಿಕದ ವೃತ್ತಿಪರ ಸಂಘಗಳು 2020ರ ಮಾರ್ಗಸೂಚಿಯಲ್ಲಿ ಹೇಳಿದ 400ರಿಂದ 600ರ ನಡುವೆಯೇ ಅದು ಬೀಳುತ್ತದೆ.

ಈ ಔಷಧಗಳ ಕ್ಲಿಯರೆನ್ಸ್ ಹೆಚ್ಚಾಗಿ ಮೂತ್ರಪಿಂಡದ ವೇಗವನ್ನು ಅವಲಂಬಿಸಿದೆ. ಆ ವೇಗವನ್ನು ಅಂದಾಜಿಸಲು ವಯಸ್ಸು, ತೂಕ, ಲಿಂಗ ಮತ್ತು ರಕ್ತದ ಕ್ರಿಯಾಟಿನಿನ್ (ಸ್ನಾಯುಗಳಿಂದ ಬಂದು ಮೂತ್ರಪಿಂಡ ಹೊರಹಾಕುವ ತ್ಯಾಜ್ಯ) ಸಾಕೆಂದು 1976ರಲ್ಲೇ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಸೂತ್ರ ಕೊಟ್ಟಿದ್ದಾರೆ. ಇದರ ಬೆಲೆ ಹೆಚ್ಚು ತಿಳಿಯುವುದು, ರಿಂಗ್ ರೋಡಿನಲ್ಲಿ ಬೈಕ್ ಅಪಘಾತವಾಗಿ ದಾಖಲಾದ ಇಪ್ಪತ್ತೈದರ ಯುವಕನ ವಿಷಯದಲ್ಲಿ. ಅಂಥವರಲ್ಲಿ ಮೂತ್ರಪಿಂಡ ಎಷ್ಟೋ ಸಲ ಮಾಮೂಲಿಗಿಂತ ವೇಗವಾಗಿ, ನಿಮಿಷಕ್ಕೆ 130 ಮಿಲಿಲೀಟರಿಗೂ ಮೀರಿ ಕೆಲಸ ಮಾಡುತ್ತದೆ. ಕ್ರಿಯಾಟಿನಿನ್ 0.6 ಎಂದು ಬಂದ ರಿಪೋರ್ಟ್ ನೋಡಿ ಎಲ್ಲವೂ ಸರಿಯಿದೆಯೆಂದು ನಾವು ಸಮಾಧಾನಪಡುತ್ತಿರುವಾಗಲೇ ಔಷಧ ಮೂತ್ರದಲ್ಲಿ ಹರಿದುಹೋಗುತ್ತಿರುತ್ತದೆ. ಸೂತ್ರಕ್ಕೆ ಅದೇ 0.6 ಕೊಟ್ಟರೆ ಡೋಸ್ ಸಾಲದೆಂದು ತಿಳಿಯುತ್ತದೆ. ಸೆಪ್ಸಿಸ್‌ನಲ್ಲಿ, ಅಂದರೆ ಸೋಂಕಿಗೆ ದೇಹದ ಅತಿಯಾದ ಪ್ರತಿಕ್ರಿಯೆಯಿಂದ ಅಂಗಗಳೇ ಕೆಡತೊಡಗುವ ಸ್ಥಿತಿಯಲ್ಲಿ, ಮೊದಲ ಡೋಸಿಗೆ ಮುನ್ನ ಅಳೆಯಲು ರಕ್ತದಲ್ಲಿ ಔಷಧವೇ ಇರುವುದಿಲ್ಲ. ಯಾರೂ ಲೆಕ್ಕ ಹಾಕದಿದ್ದರೆ ಪುಸ್ತಕದ ಡೋಸೇ ಲೆಕ್ಕವಾಗುತ್ತದೆ, ಮತ್ತು ಅದು ಎದುರಿಗಿರುವ ರೋಗಿಯನ್ನು ನೋಡಿ ಬರೆದದ್ದಲ್ಲ.

ವಿರೋಧ

ಮೇಲಿನ ಭಾಗಾಕಾರದಲ್ಲಿ ತಪ್ಪಿಲ್ಲ. ಅದಕ್ಕೆ ಕೊಡುವ ಸಂಖ್ಯೆಯನ್ನು ನಂಬುವಂತಿಲ್ಲ. ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ ಮೂತ್ರಪಿಂಡ ಸ್ಥಿರವಾಗಿದೆಯೆಂದು ಭಾವಿಸುತ್ತದೆ. ಸೆಪ್ಸಿಸ್ ರೋಗಿಯಲ್ಲಿ ಅದು ಒಂದೇ ರಾತ್ರಿಯಲ್ಲಿ ಕುಸಿಯಬಹುದು. ಕ್ರಿಯಾಟಿನಿನ್ ಏರುವುದು ಆ ಮೇಲೆ, ನಿಧಾನವಾಗಿ. ವಾರಗಟ್ಟಲೆ ಮಲಗಿ ಸ್ನಾಯು ಕರಗಿದವರಲ್ಲಂತೂ ಮೂತ್ರಪಿಂಡ ಕೆಟ್ಟಿದ್ದರೂ ಕ್ರಿಯಾಟಿನಿನ್ ಕಡಿಮೆಯೇ ತೋರಬಹುದು. ಅದೇ ವ್ಯಾಂಕೋಮೈಸಿನ್ ರೋಗಿಯ ಕ್ಲಿಯರೆನ್ಸ್ ಅರ್ಧಕ್ಕೆ ಇಳಿಯಿತೆನ್ನಿ: ಪಂಪ್ ಮೊದಲಿನ ವೇಗದಲ್ಲೇ ಹರಿಸುತ್ತಿರುತ್ತದೆ, ಮಟ್ಟ 20ರಿಂದ 40ರತ್ತ ಹೊರಡುತ್ತದೆ. ಅರವತ್ತು ಕಿಲೋ ತೂಕದವರಲ್ಲಿ ಆಗ ಔಷಧದ ಅರ್ಧಾಯು (ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು ಹನ್ನೆರಡು ಗಂಟೆಯಾಗುವುದರಿಂದ ಈ ಏರಿಕೆಗೆ ಎರಡು ದಿನ ಹಿಡಿಯುತ್ತದೆ. ಕಾಗದದ ಮೇಲೆ ಎಲ್ಲವೂ 20 ಎಂದೇ ಇರುವಾಗ ಮೂತ್ರಪಿಂಡಕ್ಕೆ ಇನ್ನಷ್ಟು ಪೆಟ್ಟು ಬೀಳುವುದು ಈ ಎರಡು ದಿನಗಳಲ್ಲೇ.

ಲೆಕ್ಕದ ಕಣ್ಣಿಗೆ ಬೀಳದ ಸಂಗತಿಗಳು ಇನ್ನೂ ಇವೆ. ಕರಗಿಸಿಟ್ಟ ಮೆರೋಪೆನೆಮ್ ಎಂಬ ಆ್ಯಂಟಿಬಯೋಟಿಕ್ ಸೆಖೆಯಲ್ಲಿ ಕೆಲವೇ ಗಂಟೆಗಳಲ್ಲಿ ಶಕ್ತಿಗುಂದತೊಡಗುತ್ತದೆ, ಏಪ್ರಿಲ್‌ನಲ್ಲಿ ಎ.ಸಿ. ಇಲ್ಲದ ವಾರ್ಡಿನಲ್ಲಿ ಸಿರಿಂಜಿನ ಲೇಬಲ್ ಹೇಳುವಷ್ಟು ಔಷಧ ರೋಗಿಗೆ ತಲುಪುತ್ತಿರುವುದಿಲ್ಲ. ಡೋಸ್ ಲೆಕ್ಕದ ಗಣಿತ ಮಾದರಿಗಳಲ್ಲಿ ಹಲವು ಯುರೋಪ್, ಆಸ್ಟ್ರೇಲಿಯಾದ ರೋಗಿಗಳಿಂದ ರೂಪುಗೊಂಡಿದ್ದು, ಇಲ್ಲಿನ ದೇಹಗಳಿಗೆ ಅವು ಹೊಂದುತ್ತವೆಯೇ ಎಂದು ಇಲ್ಲಿಯೇ ಪರೀಕ್ಷಿಸಬೇಕು. ನೆದರ್ಲೆಂಡ್ಸ್‌ನ ಐಸಿಯುಗಳಲ್ಲಿ ಮಾದರಿ ಆಧರಿಸಿ ಡೋಸ್ ಹೊಂದಿಸಿ ನೋಡಿದ ಡಾಲ್ಫಿನ್ ಪ್ರಯೋಗದ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಐಸಿಯು ವಾಸದ ಅವಧಿ ಗಣನೀಯವಾಗಿ ಕಡಿಮೆಯಾಗಲಿಲ್ಲ.

ಆದ್ದರಿಂದ ಮೊದಲ ಡೋಸಿಗೆ ಲೆಕ್ಕವನ್ನು ಒಪ್ಪಬಹುದು, ಎರಡನೆಯ ದಿನದಿಂದ ಅಳತೆಯೇ ಬೇಕು. ಅಳತೆಯಲ್ಲೂ ಎಚ್ಚರ ತಪ್ಪಬಾರದು: ಡ್ರಿಪ್ ಹರಿಯುತ್ತಿರುವ ಕೈಯಿಂದಲೇ ಸಿಸ್ಟರ್ ರಕ್ತ ತೆಗೆದರೆ ಮಟ್ಟ ಸುಳ್ಳಾಗಿ ಹೆಚ್ಚು ಬರುತ್ತದೆ, ಮತ್ತು ಡಾಕ್ಟರು ಬೇಕಿದ್ದ ಔಷಧವನ್ನೇ ಕಡಿತಗೊಳಿಸುತ್ತಾರೆ. ವ್ಯಾಂಕೋಮೈಸಿನ್ ಮಟ್ಟವನ್ನು ದೊಡ್ಡ ಲ್ಯಾಬುಗಳ ಮಾಮೂಲಿ ಯಂತ್ರಗಳೇ ಅಳೆಯುತ್ತವೆ. ಮೆರೋಪೆನೆಮ್, ಪಿಪರಾಸಿಲಿನ್‌ಗೆ ಎಚ್‌ಪಿಎಲ್‌ಸಿ ಅಥವಾ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂಬ ವಿಶೇಷ ಯಂತ್ರವಿಧಾನ ಬೇಕು. ಡೋಸ್ ಲೆಕ್ಕದ ಸಾಫ್ಟ್‌ವೇರ್ ಕೊಳ್ಳಲು ಹೊರಟಿರುವ ಆಸ್ಪತ್ರೆಗಳು ಆ ಹಣವನ್ನು ಒಟ್ಟುಗೂಡಿಸಿ, ಬೆಳಿಗ್ಗೆ ಕಳಿಸಿದ ರಕ್ತದ ರಿಪೋರ್ಟನ್ನು ಸಂಜೆಯೊಳಗೆ ಕೊಡುವ ಒಂದು ಲ್ಯಾಬನ್ನು ನಗರದಲ್ಲಿ ನಡೆಸಲಿ.