ಐದು ಬೆರಳಿಗೆ ಎಂಟು ರ‍್ಯಾಪರ್

ಸಾರ್ವಕಾಲಿಕ ಶ್ರೇಷ್ಠ ರ‍್ಯಾಪರ್ ಯಾರು ಅಂತ ಒಬ್ಬರು ಬಾಯಿ ಬಿಟ್ಟರೆ ಸಾಕು, ಸುತ್ತ ಕೂತವರೆಲ್ಲ ಬೆರಳು ಮಡಚಲು ಶುರು. ಟಾಪ್ ಫೈವ್ ಹೇಳಬೇಕಲ್ಲ! ಹೆಬ್ಬೆರಳು ಜೇ-ಝೀಗೆ, ತೋರುಬೆರಳು ನಾಸ್‌ಗೆ, ನಡುಬೆರಳು ಬಿಗ್ಗಿಗೆ, ಉಂಗುರದ ಬೆರಳು ಟುಪಾಕ್‌ಗೆ. ಉಳಿದದ್ದು ಕಿರುಬೆರಳೊಂದೇ. ಅದರ ಮುಂದೆ ಎಮಿನೆಮ್, ಕೆಂಡ್ರಿಕ್, ರಾಕಿಮ್, ಆಂಡ್ರೆ 3000 ಸಾಲುಗಟ್ಟಿ ನಿಂತಿರುತ್ತಾರೆ. "ಐದನೇ ಜಾಗ ಇವರಿಬ್ಬರಿಗೂ ಸಮ ಸಮ" ಎಂದು ಅಲ್ಲೇ ಆಸ್ತಿ ಪಾಲಾಗುತ್ತದೆ. ಮೂರನೆಯವನ ವಕೀಲ ಸಿಟ್ಟಾಗಿ ಎದ್ದು ನಿಲ್ಲುತ್ತಾನೆ.

ಈ ಶ್ರೇಷ್ಠನಿಗೆ 'ಗೋಟ್' ಅನ್ನುವ ಬಿರುದು ಬೇರೆ: 'ಗ್ರೇಟೆಸ್ಟ್ ಆಫ್ ಆಲ್ ಟೈಮ್' ಅನ್ನುವುದರ ಮೊದಲಕ್ಷರಗಳು, ಇಂಗ್ಲಿಷಿನಲ್ಲಿ ಮೇಕೆಗೂ ಅದೇ ಪದ. 2000ದಲ್ಲಿ ಎಲ್‌ಎಲ್ ಕೂಲ್ ಜೆ ತನ್ನ ಆಲ್ಬಂಗೇ ಆ ಹೆಸರಿಟ್ಟ. ಪದ ಎಲ್ಲರ ಬಾಯಲ್ಲೂ ಕೂತಿತು, ಬಿರುದು ಮಾತ್ರ ಬೇರೆಯವರ ಪಾಲಾಯಿತು. ಮೇಕೆ ಸಾಕಿದವನೊಬ್ಬ, ಹಾಲು ಕರೆದವರು ಇನ್ಯಾರೋ.

ವಾದ ಕೆಡುವುದು ಅಭಿಮಾನದಿಂದಲ್ಲ, ಅಳತೆಗೋಲಿನಿಂದ. ಸಾಹಿತ್ಯದಲ್ಲಿ ಸೋಲುವ ಲಕ್ಷಣ ಕಂಡವನು ಮಾರಾಟಕ್ಕೆ ಹಾರುತ್ತಾನೆ, ಮಾರಾಟದಲ್ಲಿ ಸಿಕ್ಕಿಬಿದ್ದವನು "ಪ್ರಭಾವ ನೋಡ್ರೀ" ಅನ್ನುತ್ತಾನೆ. ಪ್ರಭಾವಕ್ಕೆ ತಕ್ಕಡಿ ಇಲ್ಲದಿರುವುದರಿಂದ ಅಲ್ಲಿಗೆ ಹೋದವನನ್ನು ಯಾರೂ ಸೋಲಿಸಲಾರರು.

ಪದಸಂಪತ್ತಿನ ಲೆಕ್ಕ ತರುವವನೂ ಒಬ್ಬ ಇದ್ದೇ ಇರುತ್ತಾನೆ. 2014ರಲ್ಲಿ ಮ್ಯಾಟ್ ಡೇನಿಯಲ್ಸ್ ಎಂಬ ಅಂಕಿಅಂಶಗಳ ಪತ್ರಕರ್ತ ಒಬ್ಬೊಬ್ಬ ರ‍್ಯಾಪರ್‌ನ ಮೊದಲ 35,000 ಪದ ತೆಗೆದುಕೊಂಡು, ಅದರಲ್ಲಿ ಬೇರೆ ಬೇರೆ ಪದ ಎಷ್ಟು ಅಂತ ಎಣಿಸಿದ. ಏಸಾಪ್ ರಾಕ್ 7,392 ಪದಗಳೊಂದಿಗೆ ತುದಿಯಲ್ಲಿ, ಡಿಎಂಎಕ್ಸ್ 3,214ರೊಂದಿಗೆ ತಳದಲ್ಲಿ. ಆದರೆ ಒಂದೇ ಪದದ ಬೇರೆ ಬೇರೆ ರೂಪಗಳನ್ನೂ ಅಲ್ಲಿ ಬೇರೆ ಪದವೆಂದೇ ಎಣಿಸಿದ್ದಾರೆ. ಆ ಲೆಕ್ಕದಲ್ಲಿ ಹೋದ, ಹೋದನು, ಹೋಗಿದ್ದ ಮೂರು ಪದ. ಕನ್ನಡದಲ್ಲಿ ಬೈದಾಡುವ ಯಾರಾದರೂ ಏಸಾಪ್ ರಾಕ್‌ನನ್ನು ಹಿಂದಿಕ್ಕಬಹುದು. ಇನ್ನು ತಳದಲ್ಲಿದ್ದ ಡಿಎಂಎಕ್ಸ್ 1998 ಒಂದೇ ವರ್ಷದಲ್ಲಿ ಎರಡು ಆಲ್ಬಂ ತಂದ, ಎರಡೂ ನೇರವಾಗಿ ಅಮೆರಿಕದ ಆಲ್ಬಂ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ಒಂದನೇ ಸ್ಥಾನಕ್ಕೇ ಬಂದವು. ಆ ಗಂಟಲು, ಹಾಡಿನ ನಡುವೆ ನಾಯಿಯಂತೆ ಬೊಗಳುವ ಆ ಬೊಗಳು ಯಾವ ನಿಘಂಟಿನಲ್ಲಿದೆ?

ನಂತರದ್ದು ವೇಗ. ಇಲ್ಲೇ ಹೆಚ್ಚು ಮಾನ ಹೋಗುವುದು. ಒಂದು ಬಾರ್ ಅಂದರೆ ನಾಲ್ಕು ಬೀಟ್, ತಾಳದ ನಾಲ್ಕು ಪೆಟ್ಟು; ವರ್ಸ್ ಅಂದರೆ ಹಾಡಿನ ಒಂದು ಚರಣ. ನಿಮಿಷಕ್ಕೆ 90 ಬೀಟ್‌ನ ಹಾಡಿನಲ್ಲಿ ಒಂದು ಬಾರ್‌ಗೆ ಸುಮಾರು 2.7 ಸೆಕೆಂಡ್, ಹದಿನಾರು ಬಾರ್‌ನ ವರ್ಸ್‌ಗೆ 43 ಸೆಕೆಂಡ್. ಎಮಿನೆಮ್‌ನ 2013ರ 'ರ‍್ಯಾಪ್ ಗಾಡ್' 6 ನಿಮಿಷ 4 ಸೆಕೆಂಡಿನಲ್ಲಿ 1,560 ಪದ ಉದುರಿಸುತ್ತದೆ. ಅದರೊಳಗಿನ ಹದಿನೈದು ಸೆಕೆಂಡಿನ ಒಂದು ತುಂಡಿನಲ್ಲೇ 97 ಪದ. ಇಷ್ಟು ಹೇಳಿ ಸುಮ್ಮನಾಗುವವರು ಜಾಣರು. ಯಾರೋ ಒಬ್ಬ "ನಾನು ಹೇಳ್ತೀನಿ ನೋಡಿ" ಎಂದು ಎದ್ದೇ ಏಳುತ್ತಾನೆ. ನಾಲ್ಕನೇ ಸೆಕೆಂಡಿಗೆ ಉಸಿರು ಖಾಲಿ, ಐದನೆಯದಕ್ಕೆ ನಾಲಿಗೆ ಗಂಟು, ಆರನೆಯದಕ್ಕೆ ಕೆಮ್ಮು. ಕಾರಣ ಸರಳ: ಮೊದಲ ಸಾಲನ್ನೇ ಕೂಗಿ ಹೇಳಿ ಅರ್ಧ ಗಾಳಿ ಚೆಲ್ಲಿಕೊಂಡಿರುತ್ತಾನೆ. ಸರಿಯಾದ ದಾರಿ ಬೇಕಿದ್ದರೆ ಹಾಡನ್ನು ಅರ್ಧ ವೇಗಕ್ಕೆ ಇಳಿಸಿ, ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ಗೀಟು ಹಾಕಿ, ಪಿಸುದನಿಯಲ್ಲಿ ಹತ್ತು ಸಲ ಹೇಳಿ, ಆಮೇಲೆ ಮುಕ್ಕಾಲು ವೇಗ. ಪೂರ್ತಿ ವೇಗ ಮುಟ್ಟುವ ಹೊತ್ತಿಗೆ ಗೆಳೆಯರು ಮನೆ ಸೇರಿರುತ್ತಾರೆ ಅನ್ನುವುದೊಂದೇ ತೊಂದರೆ.

ನಿಜವಾಗಿ ತೂಗಬೇಕಾದದ್ದು ಪ್ರಾಸ ಅನ್ನುವುದು ನಮ್ಮ ಪಕ್ಷ. ಮೊದಮೊದಲು ರ‍್ಯಾಪ್‌ನಲ್ಲಿ ಪ್ರಾಸ ಬಹುಮಟ್ಟಿಗೆ ಸಾಲಿನ ಕೊನೆಗೇ ಬೀಳುತ್ತಿತ್ತು, ಬಸ್ಸು ಸ್ಟಾಪಿನಲ್ಲೇ ನಿಂತ ಹಾಗೆ. ಎರಿಕ್ ಬಿ ಜೊತೆ 1987ರಲ್ಲಿ 'ಪೇಯ್ಡ್ ಇನ್ ಫುಲ್' ತಂದ ರಾಕಿಮ್, ಹುಡುಗನಾಗಿದ್ದಾಗ ಸ್ಯಾಕ್ಸೊಫೋನ್ ಊದಿದವನು, ಪ್ರಾಸವನ್ನು ಸಾಲಿನ ನಡುವೆಯೇ ಎರಡು ಮೂರು ಕಡೆ ಇಳಿಸಿದ. ವಾಕ್ಯವನ್ನು ಬಾರ್‌ನ ಗೆರೆ ದಾಟಿಸಿದ. ಪರೀಕ್ಷಿಸಲು ಯಾವುದೇ ವರ್ಸ್‌ನ ನಾಲ್ಕು ಸಾಲು ಬರೆದುಕೊಂಡು, ಅ, ಇ, ಉ ತರಹದ ಒಂದೇ ಸ್ವರಾಕ್ಷರದ ಸದ್ದು ಇರುವ ಕಡೆಗೆಲ್ಲ ಒಂದೇ ಬಣ್ಣ ಬಳಿಯಿರಿ. ಬಣ್ಣ ಬಲಗಡೆ ಅಂಚಿನಲ್ಲಷ್ಟೇ ಇದ್ದರೆ ಸಾಧಾರಣ; ಹಾಳೆಯೆಲ್ಲ ಹೋಳಿ ಆಡಿದಂತಿದ್ದರೆ ಮಾತಾಡೋಣ. ಒಂದು ಎಚ್ಚರಿಕೆ: ಕಣ್ಣಲ್ಲಿ ಓದಿ ಬಳಿಯಬೇಡಿ, ಕಿವಿಯಲ್ಲಿ ಕೇಳಿ ಬಳಿಯಿರಿ. ಆರೆಂಜ್‌ಗೆ ಇಂಗ್ಲಿಷಿನಲ್ಲಿ ಪ್ರಾಸವೇ ಇಲ್ಲ ಅನ್ನುವವರಿಗೆ ಎಮಿನೆಮ್ ಸಂದರ್ಶನವೊಂದರಲ್ಲಿ ಪದವನ್ನು ಕೊಂಚ ಬಗ್ಗಿಸಿ 'ಡೋರ್ ಹಿಂಜ್' ಜೋಡಿಸಿ ತೋರಿಸಿದ್ದಾನೆ.

ನೆಲಬಾಂಬುಗಳೂ ಇವೆ. ಡಾ. ಡ್ರೆ ಸಾಹಿತ್ಯಕ್ಕೆ ಸಾಕ್ಷಿಯಾಗಿ 1999ರ 'ಸ್ಟಿಲ್ ಡಿ.ಆರ್.ಇ.' ಹಾಡನ್ನು ಎತ್ತಬೇಡಿ. ಅದನ್ನು ಬರೆದುಕೊಟ್ಟವನು ಜೇ-ಝೀ. "ಆಲ್ಬಂ ಎಷ್ಟು?" ಎಂದು ಕೇಳಬೇಡಿ, ಬಿಗ್ಗಿ ಬದುಕಿದ್ದಾಗ ಬಂದದ್ದು ಒಂದೇ, ಎರಡನೆಯದು ಅವನು 1997ರ ಮಾರ್ಚ್ 9ರಂದು ಕೊಲೆಯಾದ ಹದಿನಾರು ದಿನಕ್ಕೆ ಹೊರಬಂತು. ಹಾಡೂ ರ‍್ಯಾಪೂ ಎರಡನ್ನೂ ಮಾಡುವ ಲಾರಿನ್ ಹಿಲ್ ಹೆಸರಿಗೆ "ಅದು ಗಾಯನ, ರ‍್ಯಾಪ್ ಅಲ್ಲ" ಅನ್ನುವವನು ಅವಳ 1998ರ ಆಲ್ಬಂ 'ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್' ಪೂರ್ತಿ ಕೇಳಿಲ್ಲ ಅಂತ ತಿಳಿಯಿರಿ. ಹಾಡುಗಳಲ್ಲೇ ಜಗಳವಾಡಿಕೊಂಡಿದ್ದ ನಾಸ್ ಮತ್ತು ಜೇ-ಝೀ 2005ರಲ್ಲೇ ವೇದಿಕೆ ಮೇಲೆ ರಾಜಿಯಾದರು. ಅಭಿಮಾನಿಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಇಷ್ಟೆಲ್ಲ ಆಗಿ, ಜೇ-ಝೀನೇ ಎಂದು ಹೇಗೋ ಒಮ್ಮತ ಬಂದು, ಎಲ್ಲರೂ ಚಪ್ಪಲಿ ಮೆಟ್ಟುವ ಹೊತ್ತು. ಅಲ್ಲಿಯವರೆಗೆ ಮೂಲೆಯಲ್ಲಿ ಸುಮ್ಮನಿದ್ದವನು ಮೆಲ್ಲಗೆ ಕೇಳುತ್ತಾನೆ: "ಎಂಎಫ್ ಡೂಮ್ ಕೇಳಿದ್ದೀರಾ?" ಲೋಹದ ಮುಖವಾಡ ಹಾಕಿಕೊಂಡೇ ಹಾಡುತ್ತಿದ್ದ ಡೂಮ್, ಕೆಲವು ಸಲ ಅದೇ ಮುಖವಾಡವನ್ನು ಬೇರೊಬ್ಬನಿಗೆ ಹಾಕಿಸಿ ವೇದಿಕೆಗೆ ಕಳಿಸಿಬಿಡುತ್ತಿದ್ದ. ಹಾಗಾದರೆ ಆ ಕಾರ್ಯಕ್ರಮದ ಅಂಕ ಯಾರ ಲೆಕ್ಕಕ್ಕೆ, ಮುಖವಾಡಕ್ಕೋ ಮುಖಕ್ಕೋ? ಚಪ್ಪಲಿಗಳು ಮತ್ತೆ ಕಳಚುತ್ತವೆ.