ಉಪ್ಪಿಗೆ ಕುಲವಿಲ್ಲ, ಎಣ್ಣೆಗೆ ವಿಳಾಸವಿಲ್ಲ

ಬೆಂಗಳೂರಿನ ಸಾವಯವ ಅಂಗಡಿಗೆ ಹೋದರೆ ಗುಲಾಬಿ ಉಪ್ಪಿನ ಪೊಟ್ಟಣದ ಮೇಲೂ ‘ನಾನ್ ಜಿಎಂಒ’ (ಕುಲಾಂತರಿ ಅಲ್ಲ, ಅಂದರೆ ಬೇರೆ ಜೀವಿಯ ಜೀನು ಸೇರಿಸಿದ್ದಲ್ಲ) ಎಂಬ ಅಭಯಮುದ್ರೆ ಕಾಣಬಹುದು. ಸೋಡಿಯಂ ಕ್ಲೋರೈಡಿಗೆ ಜೀವವೂ ಇಲ್ಲ, ಜೀನೂ ಇಲ್ಲ. ಕುಲವೇ ಇಲ್ಲದ್ದು ಕುಲಾಂತರಿ ಆಗುವುದು ಹೇಗೆ? ಗ್ರಾಹಕರು ಮಾತ್ರ ನೆಮ್ಮದಿಯಿಂದ ಅದನ್ನು ಬುಟ್ಟಿಗೆ ಹಾಕಿಕೊಂಡು, ಬೀಜವಿಲ್ಲದ ಕಲ್ಲಂಗಡಿ ಕಂಡೊಡನೆ ‘ಜಿಎಂ ಇರ್ಬೇಕು ಕಣ್ರೀ’ ಎಂದು ದೂರ ಸರಿಯುತ್ತಾರೆ. ಆ ಹಣ್ಣು 22 ವರ್ಣತಂತುಗಳ ಗಿಡಕ್ಕೂ 44ರ ಗಿಡಕ್ಕೂ ಮದುವೆ ಮಾಡಿಸಿ ಪಡೆದದ್ದು. ಹುಟ್ಟಿದ್ದಕ್ಕೆ 33. ಬೆಸ ಸಂಖ್ಯೆ ಸರಿಯಾಗಿ ಜೋಡಿಯಾಗದು, ಬೀಜ ಕಟ್ಟದು. ಇಷ್ಟೇ ಅದರ ಅಪರಾಧ.

ಬಿಟಿ ಎಂಬ ಬ್ಯಾಕ್ಟೀರಿಯಾದ ಜೀನು ಸೇರಿಸಿ, ಹುಳು ಕೊಲ್ಲುವ ಪ್ರೋಟೀನನ್ನು ಗಿಡವೇ ತಯಾರಿಸುವಂತೆ ಮಾಡಿದ ಬಿಟಿ ಬದನೆಯ ಗತಿ ಇನ್ನೂ ಸೊಗಸು. 2009ರ ಅಕ್ಟೋಬರಿನಲ್ಲಿ ಕುಲಾಂತರಿಗಳನ್ನು ಪರಿಶೀಲಿಸುವ ಕೇಂದ್ರದ ಸಮಿತಿ ಜಿಇಎಸಿ ‘ಆಗಬಹುದು’ ಎಂದಿತು. ಅಂದಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಬೈಗುಳ, ಘೋಷಣೆ, ಸಲಹೆ ಎಲ್ಲ ಕೇಳಿಸಿಕೊಂಡು 2010ರ ಫೆಬ್ರವರಿ 9ರಂದು ‘ಸದ್ಯಕ್ಕೆ ಬೇಡ’ ಎಂದರು. ನಮ್ಮಲ್ಲಿ ‘ಸದ್ಯಕ್ಕೆ’ ಎಂದರೆ ಎಷ್ಟು ವರ್ಷವೆಂದು ಬಿಡಿಎ ಸೈಟಿಗೆ ಅರ್ಜಿ ಹಾಕಿದವರಿಗೆ ಗೊತ್ತು. ಬಾಂಗ್ಲಾದೇಶ 2013ರಲ್ಲೇ ಅನುಮತಿ ಕೊಟ್ಟು ಬೆಳೆಯತೊಡಗಿತು. ನಮ್ಮ ರೈತ? ಕಾಯಿಕೊರಕ ಹುಳು ಒಳಹೊಕ್ಕ ಮೇಲೆ ಔಷಧಿ ಅದನ್ನು ಮುಟ್ಟದು. ಆದ್ದರಿಂದ ಹೊಕ್ಕುವ ಮೊದಲೇ ಸಿಂಪಡಿಸಬೇಕು, ಮತ್ತೆ ಮತ್ತೆ ಸಿಂಪಡಿಸಬೇಕು. ಆ ಬದನೆಯಲ್ಲೇ ವಾಂಗಿಬಾತ್ ಮಾಡಿ ತಿಂದು ನಾವು ಸುರಕ್ಷಿತವಾಗಿದ್ದೇವೆ. ಅಂದಹಾಗೆ, ಆ ವಿವಾದಿತ ಪ್ರೋಟೀನಿನ ಮೂಲವಾದ ಬಿಟಿ ಬ್ಯಾಕ್ಟೀರಿಯಾವನ್ನು ಸಾವಯವ ತೋಟದಲ್ಲೂ ಸಿಂಪಡಿಸಬಹುದು. ಪಂಪಿನಿಂದ ಬಂದರೆ ಪ್ರಸಾದ, ಗಿಡದೊಳಗೇ ಇದ್ದರೆ ಪ್ರಳಯ.

ಮುಂಬಾಗಿಲಲ್ಲಿ ಬದನೆಯನ್ನು ತಡೆದು ನಿಲ್ಲಿಸಿರುವಾಗ ಹಿಂಬಾಗಿಲಿಂದ ಹತ್ತಿ ಬಂದಾಗಿದೆ. ಬಿಟಿ ಹತ್ತಿಗೆ 2002ರಲ್ಲೇ ಒಪ್ಪಿಗೆ ಸಿಕ್ಕಿತು. ದೇಶದ ಹತ್ತಿ ಹೊಲದಲ್ಲಿ ಶೇ. 90ಕ್ಕೂ ಹೆಚ್ಚು ಅದರದೇ. ನೂಲು ಅಂಗಿಗೆ, ಹತ್ತಿಕಾಳಿನ ಎಣ್ಣೆ ಬಾಣಲೆಗೆ, ಹಿಂಡಿ ಹಸುವಿಗೆ, ಹಾಲು ಫಿಲ್ಟರ್ ಕಾಫಿಗೆ. ಗಾಬರಿ ಬೇಡ: ಎಣ್ಣೆಯ ಅಂಟು ತೆಗೆದು, ಕಾಸ್ಟಿಕ್ ಸೋಡಾದಲ್ಲಿ ತೊಳೆದು, ಜೇಡಿಮಣ್ಣಿನಲ್ಲಿ ಬಣ್ಣ ಕಳೆದು, 200 ಡಿಗ್ರಿ ಮೀರಿದ ಶಾಖದಲ್ಲಿ ವಾಸನೆ ಹಾರಿಸುವಷ್ಟರಲ್ಲಿ ಡಿಎನ್‌ಎ, ಪ್ರೋಟೀನು ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಪರೀಕ್ಷಿಸಲು ಹೋದವನಿಗೂ ಏನೂ ಸಿಗುವುದಿಲ್ಲ.

ಕಾನೂನಿನ ಕಣ್ಣು ಮಾತ್ರ ಬಲು ಚುರುಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2021ರಿಂದ 24 ಆಹಾರ ಬೆಳೆಗಳ ಆಮದಿಗೆ ‘ಕುಲಾಂತರಿ ಅಲ್ಲ’ ಎಂಬ ಪ್ರಮಾಣಪತ್ರ ಕೇಳುತ್ತಿದೆ. ಅಕಸ್ಮಾತ್ ಬೆರೆತರೆ ಶೇ. 1ರವರೆಗೆ ಮಾಫಿ. ಅದೇ ವರ್ಷ ಆಗಸ್ಟಿನಲ್ಲಿ ಕೋಳಿ ಆಹಾರ ತುಟ್ಟಿಯಾಯಿತೆಂದು ಕೇಂದ್ರ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಗೆ ಬಾಗಿಲು ತೆರೆಯಿತು. ಹಿಂಡಿಯಲ್ಲಿ ಜೀವಂತ ಜೀವಿ ಇಲ್ಲವಲ್ಲ ಎಂಬುದು ಸಮಜಾಯಿಷಿ. ಸಮಜಾಯಿಷಿಯೇನೋ ಸರಿ, ಆದರೆ ಅದು ಹೊಳೆದದ್ದು ಕೋಳಿಯ ಹಸಿವಿಗೆ ಮಾತ್ರ.

ಇನ್ನು ಪರೀಕ್ಷೆ. ಮಾದರಿಯನ್ನು ನುಣ್ಣಗೆ ಅರೆದು, ಡಿಎನ್‌ಎ ಬಿಡಿಸಿ, ಅದರ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರದಲ್ಲಿ 95 ಡಿಗ್ರಿಗೆ ಕಾಯಿಸಿ, 60ರ ಆಸುಪಾಸಿಗೆ ಇಳಿಸಿ, ಇದನ್ನೇ ನಲವತ್ತು ಸುತ್ತು ಆಡಿಸುತ್ತಾರೆ. ಮೊದಲ ಹಂತದ ಶೋಧದಲ್ಲಿ ಹುಡುಕುವುದು ‘35ಎಸ್’ ಎಂಬ ತುಣುಕನ್ನು. ಬಹಳಷ್ಟು ಕುಲಾಂತರಿ ಬೆಳೆಗಳಲ್ಲಿ ಜೀನಿನ ಸ್ವಿಚ್ಚು ಅದು. ತಮಾಷೆಯೆಂದರೆ ಆ ಸ್ವಿಚ್ಚನ್ನು ಎರವಲು ತಂದದ್ದು ಹೂಕೋಸಿನ ಮೊಸಾಯಿಕ್ ವೈರಸ್ಸಿನಿಂದ. ರೋಗ ತಗುಲಿದ ಮಾಮೂಲಿ ಹೂಕೋಸು, ಎಲೆಕೋಸು, ಸಾಸಿವೆಯೂ ಈ ಶೋಧದಲ್ಲಿ ‘ಪಾಸಿಟಿವ್’ ಆಗಬಹುದು. ಆಮೇಲೆ ನಿರ್ದಿಷ್ಟ ತಳಿಯ ಗುರುತು ಹುಡುಕುವ ಇನ್ನೊಂದು ಪರೀಕ್ಷೆ ಮಾಡಿ ಪಾಪದ ಕೋಸನ್ನು ಖುಲಾಸೆ ಮಾಡಬೇಕು. ಅಷ್ಟು ತಾಳ್ಮೆ ವಾಟ್ಸ್‌ಆ್ಯಪ್ ಗುಂಪಿಗಿಲ್ಲ.

ಅದೇ ಹೂಕೋಸು ಗೋಬಿ ಮಂಚೂರಿಯಾಗಿ ಗಾಡಿ ಏರಿದಾಗ ಅದರಲ್ಲಿ ಸಿಕ್ಕಿದ್ದು ಟಾರ್ಟ್ರಜೀನ್‌ನಂಥ ಕೃತಕ ಬಣ್ಣಗಳು. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣವನ್ನು ನಿಷೇಧಿಸಿತು. ಗಾಡಿಯ ಮುಂದೆ ಕೇಳಿಬಂದ ಆತಂಕ ಒಂದೇ: ‘ಅಣ್ಣಾ, ಬಣ್ಣ ಇಲ್ದೆ ರುಚಿ ಬರುತ್ತಾ?’