‘ಬೇಸ್ ನೋಡಿ ಸರ್!’

ತಲೆ ಕೆಟ್ಟಿದೆ. ಬರೆದು ಹಗುರ ಮಾಡಿಕೊಳ್ಳದೆ ರಾತ್ರಿ ಊಟ ಸೇರಲ್ಲ, ಅದಕ್ಕೇ ಇಷ್ಟುದ್ದ. ಪುರುಸೊತ್ತಿಲ್ಲದವರು ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಅಕ್ಕನ ಮಗಳಿಗೆ ಕಾಲೇಜಿಗೆ ಅಂತ ಹೊಸ ಲ್ಯಾಪ್‌ಟಾಪ್ ಬಂತು. "ಮಾಮ, ಹಾಡು ಕೇಳೋಕೆ ಒಂದು ಒಳ್ಳೆ ಹೆಡ್‌ಫೋನ್ ಕೊಡ್ಸು" ಅಂದಳು. ಸಂಗೀತದಲ್ಲಿ ಜೂನಿಯರ್ ಮುಗಿಸಿ ಸೀನಿಯರ್‌ಗೆ ತಯಾರಾಗ್ತಿರೋ ಹುಡುಗಿ. ಹಾಡು ಕೇಳೋದು ನನಗೆ ಹುಚ್ಚು, ಅದಕ್ಕೇ ಇಂಥ ವಿಷಯ ಬಂದರೆ ಮನೆಯಲ್ಲಿ ಎಲ್ಲರೂ ನನ್ನ ಕಡೆಗೇ ತಿರುಗ್ತಾರೆ. ಮಾಲ್‌ನಲ್ಲಿರೋ ದೊಡ್ಡ ಷೋರೂಮಿಗೆ ಕರೆದುಕೊಂಡು ಹೋದೆ. ಹೆಸರು ಬೇಡ, ಎಲ್ಲಾ ಕಡೆ ಇದೇ ಹಣೆಬರಹ.

ಅಲ್ಲಿದ್ದ ಹುಡುಗ ದಪ್ಪದೊಂದು ಬ್ಲೂಟೂತ್ ಹೆಡ್‌ಫೋನನ್ನ ಅವಳ ತಲೆಗೇರಿಸಿ, ತನ್ನ ಫೋನಿಂದ ಏನೋ ಹಾಕಿದ. ಪಕ್ಕದಲ್ಲಿ ನಿಂತಿದ್ದ ನನಗೂ ಧಬಧಬ ಕೇಳಿಸ್ತು, ಆ ದಪ್ಪ ತಗ್ಗು ಸದ್ದೇ ಬೇಸ್. "ಬೇಸ್ ನೋಡಿ ಮೇಡಂ!" ಆಮೇಲೆ ನನಗೂ ಹಾಕಿದ. "ಬೇಸ್ ನೋಡಿ ಸರ್!" ನಾನಂದೆ, "ಅಪ್ಪಾ, ಯಾರಾದ್ರೂ ಹಾಡಿರೋದು ಹಾಕು. ತಂಬೂರಿ, ಗಂಟಲು, ಅಷ್ಟೇ ಇರ್ಲಿ." ಅವನ ಉತ್ತರ: "ಅದ್ರಲ್ಲಿ ಬೇಸ್ ಗೊತ್ತಾಗಲ್ಲ ಸರ್."

ಬ್ಯಾಟರಿ ಎಷ್ಟು ಗಂಟೆ ಬರುತ್ತೆ, ಆ್ಯಪ್‌ನಲ್ಲಿ ಏನೇನು ಆಟ ಆಡಬಹುದು, ಯಾವ ಬಣ್ಣದ್ದು ಸ್ಟಾಕ್ ಇದೆ, ಯಾವ ಕ್ರಿಕೆಟಿಗ ಜಾಹೀರಾತಿಗೆ ಬಂದಿದ್ದಾನೆ, ಎಲ್ಲಾ ಹೇಳಿದ. ಹಾಡು ಹೇಗೆ ಕೇಳುತ್ತೆ ಅನ್ನೋದೊಂದು ಬಿಟ್ಟು. ಅಷ್ಟು ದೊಡ್ಡ ಅಂಗಡಿಯಲ್ಲಿ ಒಬ್ಬ ಮನುಷ್ಯ ಹಾಡೋದನ್ನ ಕೇಳಿಸೋ ಏರ್ಪಾಡಿಲ್ಲ! ಮೈಕು ಇಲ್ಲದ ಸಭೆಯಲ್ಲಿ ಕೊನೇ ಸಾಲಿನವನಿಗೂ ಕೇಳಲಿ ಅಂತ ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ ನಾಡು ಸ್ವಾಮಿ ಇದು. ಈಗ ಸ್ಪೀಕರನ್ನ ಕಿವಿಗೇ ಕಟ್ಟಿಕೊಂಡರೂ ಗಂಟಲು ಕೇಳಲ್ಲ.

ನನಗೆ ಬೇಸ್ ಮೇಲೆ ದ್ವೇಷ ಇಲ್ಲ. ಗಣೇಶನ ಮೆರವಣಿಗೆಯಲ್ಲಿ ತಮಟೆಗೆ ಕುಣಿದವನೇ ನಾನೂ, ಫೋಟೋ ಇಲ್ಲೇ ಯಾರದ್ದೋ ಗೋಡೆ ಮೇಲೆ ಇದೆ. ಆದರೆ ಈ ಹೆಡ್‌ಫೋನ್‌ಗಳಲ್ಲಿ ಮಾಡೋದು ಬೇರೆ ಕಿತಾಪತಿ. ಕೆಳಗಿನ ಸದ್ದನ್ನೂ ಮೇಲಿನ ಕಿಣಿಕಿಣಿಯನ್ನೂ ಎತ್ತಿ, ನಡುವಿನದನ್ನ ತಗ್ಗಿಸಿಬಿಡ್ತಾರೆ. ಮೊದಲ ಅರ್ಧ ನಿಮಿಷ ‘ವಾಹ್’ ಅನ್ಸುತ್ತೆ, ಅಂಗಡಿಯವರಿಗೆ ಬೇಕಾಗಿರೋದೂ ಆ ಅರ್ಧ ನಿಮಿಷವೇ. ಆದರೆ ಹಾಡುವವರ ದನಿ, ವೀಣೆ, ಕೊಳಲು, ಪಿಟೀಲು ಎಲ್ಲಾ ಹೆಚ್ಚಾಗಿ ಇರೋದೇ ಆ ನಡುವಿನಲ್ಲಿ. ಮೃದಂಗದ ಗುಮ್ಕಿ, ಅಂದರೆ ಎಡಗೈಯ ಆ ಗುಂ ನಾದ, ಊದಿಕೊಂಡು ಪಲ್ಲವಿಯನ್ನೇ ನುಂಗುತ್ತೆ.

"ನೀವು ಕೇಳೋ ಹಳೇ ಕ್ಯಾಸೆಟ್ ಸರಕಿಗೆ ಯಾವ ಹೆಡ್‌ಫೋನ್ ಆದರೇನು?" ಅಂತ ಒಬ್ಬರು ಗೆಳೆಯರು ಯಾವಾಗಲೂ ಚುಚ್ತಾರೆ. ಲೆಕ್ಕ ಉಲ್ಟಾ ಸಾರ್. ಆಕಾಶವಾಣಿ ಕಾಲದ ಮೋನೊ (ಎರಡೂ ಕಿವಿಗೆ ಒಂದೇ ಸದ್ದು) ರೆಕಾರ್ಡಿಂಗ್‌ಗಳಲ್ಲಿ ಮೇಲಿನದೂ ಸರಿಯಾಗಿಲ್ಲ, ಕೆಳಗಿನದೂ ಸರಿಯಾಗಿಲ್ಲ. ಇರೋ ಆಸ್ತಿಯೆಲ್ಲಾ ನಡುವಿನದು. ಅದನ್ನೇ ತಗ್ಗಿಸೋ ಹೆಡ್‌ಫೋನಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನ ಕೇಳಿದರೆ ಉಳಿಯೋದು ಟೇಪಿನ ಸುಯ್ ಮತ್ತು ತಬಲಾದ ಧುಮ್. ಎರಡು ತಾನಗಳ ಮಧ್ಯೆ ಅವರು ಕದ್ದು ಎಳೆದುಕೊಳ್ಳೋ ಉಸಿರು ಹೋಯ್ತು. ಹೊಸ ಸ್ಟುಡಿಯೊ ಸಿನಿಮಾ ಹಾಡು ಹೇಗೋ ಬಚಾವಾಗುತ್ತೆ, ಹಳೆಯವರು ಬಚಾವಾಗಲ್ಲ.

ಇನ್ನು ಲ್ಯಾಪ್‌ಟಾಪ್ ವಿಷಯ. ಮೇಜಿನ ಮುಂದೆ ಕೂತು ಕೇಳೋಳಿಗೆ ವೈರ್ ಇಲ್ಲದ್ದು ಯಾಕಪ್ಪಾ ಅಂದೆ. "ಈಗ ಎಲ್ಲಾ ವೈರ್‌ಲೆಸ್ಸೇ ಸರ್." ಅವಳ ಲ್ಯಾಪ್‌ಟಾಪಲ್ಲಿ ಹೆಡ್‌ಫೋನ್ ವೈರ್ ಚುಚ್ಚೋ 3.5 ಎಂಎಂ ತೂತು ಕಣ್ಣಿಗೆ ಕಾಣೋ ಹಾಗಿದೆ! ಡಬ್ಬದ ಮೇಲೆ ಎಲ್‌ಡಾಕ್, 990 ಕೆಬಿಪಿಎಸ್ ಅಂತ ದೊಡ್ಡದಾಗಿ ಬರೆದಿದೆ. ಬ್ಲೂಟೂತಲ್ಲಿ ಹಾಡನ್ನ ಹೆಚ್ಚು ವಿವರವಾಗಿ ಸಾಗಿಸೋ ಒಂದು ಭಾಷೆ ಅದು. ಆ ಭಾಷೆ ವಿಂಡೋಸ್‌ಗೂ ತಾನಾಗಿ ಬರಲ್ಲ, ಮ್ಯಾಕ್‌ಗೂ ಬರಲ್ಲ. ಫೋನಿಗೆ ಹಾಕಿ ತೋರಿಸಿದ ಸೊಗಸು ಲ್ಯಾಪ್‌ಟಾಪಿಗೆ ಬರಬೇಕು ಅಂತೇನಿಲ್ಲ. ಇದಕ್ಕಿಂತ ದೊಡ್ಡದು ಇನ್ನೊಂದಿದೆ, ಅದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ: ಮಾಮೂಲಿ ಬ್ಲೂಟೂತ್ ಹೆಡ್‌ಫೋನಿನ ಮೈಕು ಆನ್ ಆದ ಕೂಡಲೇ ಅದು ಹಾಡಿನ ದಾರಿ ಬಿಟ್ಟು ಫೋನ್ ಕರೆಯ ದಾರಿ ಹಿಡಿಯುತ್ತೆ. ಸ್ಟೀರಿಯೊ ಹೋಗಿ ಮೋನೊ. ಆನ್‌ಲೈನ್ ಪಾಠದಲ್ಲಿ ಮೇಷ್ಟ್ರು ಕಲ್ಯಾಣಿ ಆಲಾಪನೆ ಕೇಳಿಸಿದರೆ ಟ್ರಂಕ್ ಕಾಲಲ್ಲಿ ಹಾಡಿದ ಹಾಗಿರುತ್ತೆ. ಪಾಪ ಮೇಷ್ಟ್ರ ನೆಟ್‌ವರ್ಕ್ ಸರಿಯಿಲ್ಲ ಅಂತ ನಾವು ಬೈಕೊಳ್ತೀವಿ. ಎಲ್‌ಇ ಆಡಿಯೊ ಅನ್ನೋ ಬ್ಲೂಟೂತಿನ ಹೊಸ ಪದ್ಧತಿ ಬಂದಿದೆ, ಸರಿಹೋಗುತ್ತೆ ಅಂತೀರಾ? ಹೆಡ್‌ಫೋನ್, ಲ್ಯಾಪ್‌ಟಾಪ್, ವಿಂಡೋಸ್ ಮೂವರೂ ಒಪ್ಪಬೇಕು. ಒಪ್ಪಿದ ದಿನ ಹೇಳಿ, ಸಿಹಿ ಹಂಚೋಣ.

ಬಸ್ಸಲ್ಲಿ, ವಿಮಾನದಲ್ಲಿ ಓಡಾಡೋರಿಗೆ ನಾಯ್ಸ್ ಕ್ಯಾನ್ಸಲಿಂಗ್ ಒಳ್ಳೇದೇ, ಒಪ್ಕೋತೀನಿ. ಎಂಜಿನ್, ಫ್ಯಾನಿನ ಥರ ಒಂದೇ ಸಮ ಗುಂಯ್‌ಗುಡೋದನ್ನ ಅದು ಚೆನ್ನಾಗಿ ಅಳಿಸುತ್ತೆ. ಆದರೆ ಮನೇಲಿ ನಮ್ಮ ಶತ್ರು ಕುಕ್ಕರ್ ಸೀಟಿ. ಅದರ ಮುಂದೆ ಈ ವಿದ್ಯೆ ಅಷ್ಟಾಗಿ ನಡೆಯಲ್ಲ.

ಡಬ್ಬದ ಮೇಲೆ ಬಂಗಾರದ ಬಣ್ಣದ ಹೈ-ರೆಸ್ (ಅತಿ ಸೂಕ್ಷ್ಮ ಧ್ವನಿ ಅಂತ ಸಾರೋ) ಚೀಟಿ ಬೇರೆ. ಆ ಮುದ್ರೆ ಬೇಕಾದರೆ 40,000 ಹರ್ಟ್ಸ್‌ವರೆಗೆ ಸದ್ದು ಹೊರಡಿಸಬೇಕಂತೆ. ಮನುಷ್ಯನ ಕಿವಿ ಎಳೇ ವಯಸ್ಸಲ್ಲಿ ಕೇಳೋದೇ 20,000ದವರೆಗೆ. ಬಾವಲಿಗಳಿಗೆ ಮಾರ್ತಿದಾರೋ ಏನೋ. ಇಲ್ಲೊಂದು ಮಾತು, ಮನೇಲೂ ಹೇಳಿಲ್ಲ: ಹೋದ ವರ್ಷ ಕಿವಿ ಪರೀಕ್ಷೆ ಮಾಡಿಸಿದೆ. ಎಡಗಿವಿ ಮೇಲಿನ ಸ್ವರಗಳಿಗೆ ಮಂದ ಆಗಿದೆ. ಡಾಕ್ಟರ್ ಗ್ರಾಫ್ ತೋರಿಸಿ ಮಾತಾಡ್ತಿದ್ದರು, ನನಗೆ ತಲೆಯಲ್ಲಿ ಓಡ್ತಿದ್ದದ್ದು ಒಂದೇ, ತಂಬೂರಿಯ ಜವಾರಿ, ಆ ಝೇಂಕಾರ, ಇನ್ನೆಷ್ಟು ವರ್ಷ ಪೂರ್ತಿ ಕೇಳುತ್ತೆ? ಕೇಳೋ ಕಾಲ ಇಷ್ಟೇ ಅಂತ ಗೊತ್ತಾದವನಿಗೆ ಧಬಧಬ ಕೇಳಿಸಿ ಟೈಮ್ ತಿಂದರೆ ಸಿಟ್ಟು ಬರದೆ ಇನ್ನೇನು ಬರುತ್ತೆ?

ಕೊನೆಗೆ ಅಲ್ಲಿಂದ ಎದ್ದು, ಗಿಟಾರು, ಕೀಬೋರ್ಡು, ಸ್ಟುಡಿಯೊ ಮೈಕು ಮಾರೋ ಅಂಗಡಿಗೆ ಹೋದ್ವಿ. ಇಂಥ ಕಡೆ ಹೋಗಿ, ಮೊಬೈಲ್ ಷೋರೂಮ್ ಬಿಡಿ. ಯಜಮಾನರು ಸುಮ್ಮನೆ ಒಂದು ಹೆಡ್‌ಫೋನಿನ ವೈರ್ ಕೈಗೆ ಕೊಟ್ಟು "ನಿಮ್ಮ ಲ್ಯಾಪ್‌ಟಾಪಿಗೇ ಹಾಕ್ಕೊಂಡು ಕೇಳಮ್ಮ" ಅಂದರು. ಅವಳು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ ಹಾಕಿಕೊಂಡಳು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾಮ, ಇದ್ರಲ್ಲಿ ಮೀಟು ಮುಗಿದ ಮೇಲೂ ತಂತಿ ಕೇಳ್ತಾನೇ ಇದೆ." ಅಲ್ಲಿಗೆ ವ್ಯಾಪಾರ ಮುಗೀತು.

ಅವರೂ ದುಬಾರಿಯದ್ದು ಮಾರಬಹುದಿತ್ತು. ಸೆನ್ಹೈಸರ್ ಎಚ್‌ಡಿ 600 ಶೆಲ್ಫಲ್ಲೇ ಇತ್ತು. 1997ರಿಂದ ಹೆಸರುವಾಸಿ, ನನಗೆ ಬಾಯಲ್ಲಿ ನೀರು. ಆದರೆ ಅದರ ವಿದ್ಯುತ್ ತಡೆ 300 ಓಮ್, ಇದು ಹೆಚ್ಚಿದಷ್ಟೂ ಹೆಚ್ಚು ವೋಲ್ಟೇಜ್ ಕೇಳುತ್ತೆ. ಎಷ್ಟೋ ಲ್ಯಾಪ್‌ಟಾಪ್‌ಗಳ ತೂತಿನಿಂದ ಬರೋ ವೋಲ್ಟೇಜಿಗೆ ದನಿ ಸೋತು ಬರುತ್ತೆ, ಸದ್ದಿಗೆ ಬಲ ಕೊಡೋ ಆಂಪ್ ಬೇರೆ ಬೇಕು. ಜತೆಗೆ ಹಿಂಬದಿ ತೆರೆದದ್ದು, ಹಾಸ್ಟೆಲ್ ರೂಮಿನ ಪಕ್ಕದ ಮಂಚದವಳಿಗೂ ಉಚಿತ ಕಛೇರಿ. ಆಡಿಯೊ-ಟೆಕ್ನಿಕಾ ಎಂ50ಎಕ್ಸ್ 38 ಓಮ್. 1991ರಿಂದ ಇರೋ ಸೋನಿ ಎಂಡಿಆರ್-7506 63 ಓಮ್. ಇಂಥವು ಲ್ಯಾಪ್‌ಟಾಪಲ್ಲೇ ಸಲೀಸಾಗಿ ಹಾಡುತ್ವೆ. ಬೆಲೆ ನೋಡಿ ಗುಣ ಅಳೀಬೇಡಿ. 2017ರಲ್ಲಿ ಬ್ರೀಬಾರ್ಟ್ ಅನ್ನೋ ಸಂಶೋಧಕರು 283 ಹೆಡ್‌ಫೋನ್‌ಗಳ ಅಳತೆ ಹೋಲಿಸಿ ನೋಡಿ, ಬೆಲೆಗೂ ಅವು ಸ್ವರಗಳನ್ನ ಹೊಮ್ಮಿಸೋ ರೀತಿಗೂ ಸಂಬಂಧ ಕಾಣಲ್ಲ ಅಂತ ಬರೆದರು. ನಾನು ಆ ಲೇಖನ ಓದಿದ ದಿನ ನಮ್ಮ ಹೈ-ಫೈ ಬಳಗದ ಗ್ರೂಪಿಗೆ ಹಾಕಿದ್ದೆ, ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ.

ಆ ಬಳಗದವರು ಈಗಲೂ ಬರ್ತಾರೆ: "ಲ್ಯಾಪ್‌ಟಾಪಿನ ಸೌಂಡ್ ಕಾರ್ಡೇ ಕಳಪೆ, ಮೊದಲು ಡ್ಯಾಕ್ ತಗೊಳ್ಳಿ." ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನ ಹೆಡ್‌ಫೋನಿಗೆ ಬೇಕಾದ ವಿದ್ಯುತ್ ಸಂಕೇತ ಮಾಡೋ ಪುಟ್ಟ ಪೆಟ್ಟಿಗೆ. ಸ್ವಲ್ಪ ನಿಲ್ಲಿ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ, ಕಂಪನಿಯವರು ತುಂಬಿಸಿ ಕೊಟ್ಟಿರೋ ಬೇಸ್ ಬೂಸ್ಟ್, ವರ್ಚುವಲ್ ಸರೌಂಡ್, ಎನ್‌ಹಾನ್ಸ್‌ಮೆಂಟ್ ಎಲ್ಲಾ ಆಫ್ ಮಾಡಿ. ಗುಂಯ್ ಅಂತಿದ್ದರೆ ಚಾರ್ಜರ್ ಕಿತ್ತು ನೋಡಿ. ನಿಂತುಹೋದರೆ ನಿಮಗೆ ಡ್ಯಾಕ್‌ಗಿಂತ ಮೊದಲು ಎಲೆಕ್ಟ್ರಿಷಿಯನ್ ಬೇಕು, ಮನೆಯ ಅರ್ತಿಂಗ್ ನೋಡಿಸಿ. ಇಷ್ಟಾದ ಮೇಲೂ ತೃಪ್ತಿ ಇಲ್ಲ ಅಂದರೆ ಆ ಡ್ಯಾಕ್ ಕೆಲಸವನ್ನೇ ಮಾಡೋ ಬೆರಳುದ್ದದ ಯುಎಸ್‌ಬಿ-ಸಿ ಡಾಂಗಲ್ ಸಾಕು. ಬೆಳ್ಳಿ ತಂತಿ ಕೇಬಲ್ ಬಗ್ಗೆ ನನ್ನ ಹತ್ತಿರ ಮಾತಾಡಬೇಡಿ.

"ಒಂದೇ ಮಾಡೆಲ್ ಹೇಳಿ ಸರ್" ಅಂತ ಕೇಳೋರಿಗೆ: ಹೇಳಲ್ಲ. ನಿಮಗೆ ಬಾಯಿಪಾಠ ಆಗಿರೋ ಒಂದು ಗಾಯನವನ್ನ ಲ್ಯಾಪ್‌ಟಾಪಿಗೆ ಇಳಿಸ್ಕೊಂಡು ಹೋಗಿ, ಕೂತು ಕೇಳಿ. ಕಿವಿ ಮೆತ್ತೆ ಬದಲಾಯಿಸೋಕೆ ಸಿಗುತ್ತಾ ಅಂತಲೂ ವಿಚಾರಿಸಿ. ನಮ್ಮ ಸೆಕೆಗೆ ಆ ರೆಕ್ಸಿನ್ ಸಿಪ್ಪೆ ಏಳದೆ ಇರಲ್ಲ, ಮಂಗಳೂರು ಕಡೆಯವರಿಗಂತೂ ಬೇಗ. ಇನ್ನು ಕೆಂಪು ಲೈಟ್ ಮಿನುಗೋ ಗೇಮಿಂಗ್ ಹೆಡ್‌ಸೆಟ್ ನಡೆಯುತ್ತಾ ಅಂತ ಕಾಮೆಂಟ್ ಹಾಕೋರಿಗೆ ಇಲ್ಲಿ ಉತ್ತರ ಕೊಡಲ್ಲ. ಇನ್‌ಬಾಕ್ಸಿಗೆ ಬನ್ನಿ, ಅಲ್ಲಿ ನೆಮ್ಮದಿಯಾಗಿ ಬೈತೀನಿ.